ಚೀನಾದ ಸುಂಕ, ಖಲೀಫಾ ಸಿಟಿಯ ಶರತ್ತು

ಚೀನಾದ ಸುಂಕದ ಕಟ್ಟೆಗಳನ್ನು ಬ್ರಿಟಿಷ್ ಅಧಿಕಾರಿಗಳು ಬಹಳ ಪ್ರಾಮಾಣಿಕವಾಗಿ ನಡೆಸಿದರು ಎನ್ನುವ ಕಥೆ ನನಗೆ ಒಪ್ಪಿಗೆಯಿಲ್ಲ. ಪ್ರಾಮಾಣಿಕರೇ ಇರಬಹುದು, ಬಿಡಿ. ಆದರೆ ಹತ್ತೊಂಬತ್ತನೆಯ ಶತಮಾನದ ಯುದ್ಧಗಳಲ್ಲಿ ಸೋತ ಚೀನಾ ಆಮದು ಸುಂಕವನ್ನು ಸುಮಾರು ಶೇಕಡಾ ಐದರ ಮೇಲೆ ಒಂದು ಕಾಸು ಏರಿಸಬೇಕಿದ್ದರೂ ಹೊರಗಿನ ದೇಶಗಳೆಲ್ಲ ತಲೆಯಾಡಿಸಬೇಕಿತ್ತು. ಅದನ್ನು ಯಾರೂ ಹೇಳುವುದಿಲ್ಲ. ದುಬೈಯಿಂದ ಅಬುಧಾಬಿಗೆ ಹೊರಟ ಬಸ್ಸಿನಲ್ಲಿ ನನ್ನ ತಲೆ ತುಂಬ ಇದೇ ಇತ್ತು.

2016ರ ಫೆಬ್ರವರಿ. ಟಿಕೆಟ್ ಇಪ್ಪತ್ತೈದು ದಿರ್ಹಮ್, ದಾರಿ ಸುಮಾರು ನೂರ ನಲವತ್ತು ಕಿಲೋಮೀಟರ್. ಮಂಜು ಎಷ್ಟಿತ್ತೆಂದರೆ ಮರಳುಗಾಡು ಕಾಣಲೇ ಇಲ್ಲ. ನಿಲ್ದಾಣಕ್ಕೆ ಬಂದ ಭಾವ ನನ್ನ ಬ್ಯಾಗು ಎತ್ತಿ ನೋಡಿದರು.

"ಇಷ್ಟು ಹಪ್ಪಳ! ಏರ್‌ಪೋರ್ಟಲ್ಲಿ ಸುಂಕ ಹಾಕ್ಲಿಲ್ವಾ ಮಾರಾಯ್ತಿ?"

"ಹಾಕಿದ್ರೆ ವಾದ ಮಾಡ್ತಿದ್ದೆ."

"ಅದಕ್ಕೇ ಹೆದರಿ ಬಿಟ್ಟಿರ್ಬೇಕು."

ಖಲೀಫಾ ಸಿಟಿಯಲ್ಲಿ ಅಕ್ಕನ ಮಗಳು ಅನನ್ಯಾ ಕಾಯುತ್ತಿದ್ದಳು. ಮರುದಿನ ಅವಳ ಶಾಲೆಯಲ್ಲಿ, ಮಕ್ಕಳೇ ಒಂದೊಂದು ದೇಶದ ರಾಯಭಾರಿಗಳಾಗಿ ಆ ಕಾಲದ ಪ್ರಶ್ನೆಯನ್ನು ವಾದಿಸುವ ಅಣಕು ಸಮ್ಮೇಳನ: ಚೀನಾಕ್ಕೆ ಸುಂಕದ ಸ್ವಾತಂತ್ರ್ಯ ಕೊಡಬೇಕೇ? ಚೀಟಿಯಲ್ಲಿ ಅವಳಿಗೆ ಬ್ರಿಟನ್ ಬಂದಿತ್ತು, ಗೆಳತಿ ಲಿನ್‌ಗೆ ಚೀನಾ. ಲಿನ್ ನಿಜಕ್ಕೂ ಚೀನಾದವಳೇ. ಗೆದ್ದ ಒಬ್ಬಳಿಗೆ ಮಾತ್ರ ಸಿಂಗಾಪುರದ ಸ್ಪರ್ಧೆ. ಇಬ್ಬರಿಗೂ ಅದು ಬೇಕೇ ಬೇಕು.

"ಅವಳ ಮುಖ ನೋಡಿ ನೋ ಅನ್ಲಿಕ್ಕೆ ಆಗುದಿಲ್ಲ ಚಿಕ್ಕಮ್ಮ. ಶೀ ಈಸ್ ಮೈ ಬೆಸ್ಟ್ ಫ್ರೆಂಡ್."

"ನೋ ಯಾಕೆ? ಯೆಸ್ ಅನ್ನು, ಒಂದು ಶರತ್ತು ಹಾಕು. ಆಗಿನ ರಾಯಭಾರಿಗಳು ಮಾಡಿದ್ದೂ ಅದನ್ನೇ."

ಸುಂಕ ಏರಿಸಿ, ಆದರೆ ಮೊದಲು ಒಳನಾಡಿನ ಸಾಗಣೆ ತೆರಿಗೆ ತೆಗೆಯಿರಿ: ಇದು ಆ ಶರತ್ತು. ಪ್ರಾಂತ್ಯಗಳು ಬದುಕುತ್ತಿದ್ದದ್ದೇ ಆ ತೆರಿಗೆಯಿಂದ. ಅದನ್ನು ತೆಗೆಯುವುದು ಸುಲಭದ ಮಾತಲ್ಲ ಎಂದು ಗೊತ್ತಿದ್ದೇ ಕೇಳಿದ್ದರು.

ಮರುದಿನ ಸಭಾಂಗಣದಲ್ಲಿ ಲಿನ್ ಮೇಜು ಕುಟ್ಟಿದಳು: "ನಮ್ಮ ಬಂದರು. ಸುಂಕ ನಾವೇ ನಿರ್ಧರಿಸುತ್ತೇವೆ!" ಅನನ್ಯಾ ನಗುತ್ತ ಎದ್ದಳು. "ಖಂಡಿತ. ನಿಮ್ಮ ಒಳನಾಡಿನ ತೆರಿಗೆ ಹೋದ ಮರುದಿನವೇ." ಫ್ರಾನ್ಸ್ ಒಪ್ಪಿತು, ಜಪಾನ್ ಒಪ್ಪಿತು. ಬ್ರಿಟನ್ ಗೆದ್ದಿತು! ನಾನು ಅಲ್ಲಿನವರಂತೆ "ಯಲ್ಲಾ, ನಡಿ!" ಎಂದು ಕೂಗಿದಾಗ ಅಕ್ಕ ನನ್ನ ದುಪಟ್ಟಾ ಎಳೆದು ಕೂರಿಸಿದಳು.

ಸಂಜೆ ದುಬೈ ಬಸ್ಸಿಗೆ ಬಿಡಲು ಗೆಳತಿಯರಿಬ್ಬರೂ ಬಂದರು. ಒಂದೇ ಪೊಟ್ಟಣದಿಂದ ಚಿಪ್ಸ್ ತಿನ್ನುತ್ತಿದ್ದರು. ಬಸ್ಸು ಹತ್ತುವಾಗ ಲಿನ್ ಇಂಗ್ಲಿಷಿನಲ್ಲಿ ಕೇಳಿದಳು:

"ಆಂಟಿ, ಆ ಶರತ್ತು ನಿಮ್ಮದಂತೆ. ಚೆನ್ನಾಗಿತ್ತು. ಒಂದು ವೇಳೆ ನಾವು ಆ ತೆರಿಗೆ ತೆಗೆದೇಬಿಟ್ಟಿದ್ದರೆ, ಇವಳಿಗೆ ಎರಡನೆಯ ಶರತ್ತು ಯಾವುದು ಹೇಳಿಕೊಡುತ್ತಿದ್ದಿರಿ?"