ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ಗೆಳೆಯರೇ, ಅಣ್ಣ ತಾನೇ ಕೂತು ಹಾರಿಸಬೇಕೆಂದು ಐಮಂಗಲದ ನಮ್ಮ ಶೆಡ್ಡಿನಲ್ಲಿ ಪುಟ್ಟ ವಿಮಾನ ಕಟ್ಟುತ್ತಿದ್ದಾನಲ್ಲ, ಅದರ ರೆಕ್ಕೆಯ ತುದಿಗಳಿಗೆ ನಾನು ಮಾಡಿಕೊಟ್ಟ ದೀಪಗಳನ್ನು ಇವತ್ತು ಜೋಡಿಸಿದ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಇರಬೇಕು. ಕತ್ತಲಲ್ಲಿ ಎದುರಿನ ವಿಮಾನ ಎತ್ತ ಹೊರಟಿದೆ ಎಂದು ತಿಳಿಯುವುದೇ ಅದರಿಂದ. ಹತ್ತಿಸಿ ನೋಡಿದರೆ ಅದಲುಬದಲು.

"ಅಣ್ಣ, ಉಲ್ಟಾ ಹಾಕಿದೀಯ ನೋಡು."

"ಯಾವ್ದಲೇ ಉಲ್ಟಾ? ಎರಡೂ ಒಂದೇ ಬಣ್ಣ ಅವೆ."

ತಮಾಷೆ ಎಂದುಕೊಂಡೆ. ಅವನು ನಗಲಿಲ್ಲ.

ಕುರಿಗೆ ಗುರುತು ಕಟ್ಟುವ ಹಾಗೆ ಅಣ್ಣ ಪ್ರತಿ ವೈರ್‌ಗೂ ಬೇರೆ ಬೇರೆ ಗಂಟಿನ ಉಣ್ಣೆಯ ಎಳೆ ಕಟ್ಟುತ್ತಿದ್ದ. ಕುರಿ ಕಾಯುವ ಮನೆಯ ಅಭ್ಯಾಸ ಎಂದುಕೊಂಡಿದ್ದೆ. ಕಾರಣ ಇವತ್ತು ತಿಳಿಯಿತು.

"ಕೆಂಪು ದೀಪಕ್ಕೊಂದು ಎಳೆ ಕಟ್ಟು, ಗೊತ್ತಾಗ್ತೈತೆ" ಅಂದ.

ಕಟ್ಟಿದೆ. ಆಕಾಶದಲ್ಲಿ ಎದುರು ಬರುವ ವಿಮಾನಕ್ಕೆ ಯಾರು ಕಟ್ಟುತ್ತಾರೆ?