ಎಣ್ಣೆ ಸವರಿದ ಬಳ್ಳಿ

ಬಿಬವೇವಾಡಿಯ ನಮ್ಮ ಮನೆಯ ಎದುರಿನ ಹಳೆಯ ಕಟ್ಟಡವನ್ನು ಕೆಡವುತ್ತಿದ್ದ ಬೇಸಿಗೆಯಲ್ಲಿ, ಪಕ್ಕದ ಮನೆಯ ಕಾಕು ಮಗಳ ಬಾಣಂತನ ಮಾಡಲು ಧಾರವಾಡಕ್ಕೆ ಹೊರಟರು. ಹೊರಡುವ ಮುನ್ನ ತಮ್ಮ ವೀಳ್ಯದೆಲೆ ಬಳ್ಳಿಯ ಕುಂಡವನ್ನು ನನ್ನ ಗ್ಯಾಲರಿಯಲ್ಲಿ ತಂದಿಟ್ಟರು. ತೀರಿಹೋದ ತಮ್ಮ ತಾಯಿಯ ಹಿತ್ತಲಿನಿಂದ ಅವರು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಳ್ಳಿ ಅದು. ಆ ಹಿತ್ತಲು ಈಗಿಲ್ಲ.

“ನೀವು ಸಾಲಿ ಕಲಿಸಿದ ಅಕ್ಕಾರು. ನಿಮ್ಮ ಕೈಯಾಗ ಕೊಟ್ರ ನನಗ ಚಿಂತಿ ಇಲ್ರಿ,” ಎಂದರು.

ನಾನು ಹಿಗ್ಗಿದೆ. ನೀರನ್ನು ಹದ ತಪ್ಪದೆ ಹಾಕಿದೆ. ಸಿಮೆಂಟಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅಷ್ಟಕ್ಕೇ ನಿಲ್ಲಬೇಕಿತ್ತು. ತಾಂಬೂಲದ ತಟ್ಟೆಗೆ ಎಲೆ ಜೋಡಿಸುವಾಗ ಕೊಬ್ಬರಿ ಎಣ್ಣೆ ಸವರಿ ಹೊಳಪು ತರುವುದು ನನ್ನ ತವರಿನ ರೂಢಿ. ಕಾಕು ಬರುವ ಸುದ್ದಿ ತಿಳಿದಾಗ, ಬಳ್ಳಿಯೂ ಹಾಗೆಯೇ ಮಿರುಗಲೆಂದು ಎಲೆಗಳಿಗೆಲ್ಲ ಎಣ್ಣೆ ಸವರಿದೆ. ಅರೆಬರೆ ಕೆಲಸ ನನಗಾಗದು, ಅಡಿಮೈಯನ್ನೂ ಬಿಡಲಿಲ್ಲ.

ಎಲೆಯ ಅಡಿಮೈಯಲ್ಲಿ ಬರಿಗಣ್ಣಿಗೆ ಕಾಣದ ಪತ್ರರಂಧ್ರಗಳಿರುತ್ತವೆ, ಪ್ರತಿಯೊಂದಕ್ಕೂ ಒಂದು ಜೊತೆ ಕಾವಲು ಕೋಶಗಳು. ಅವು ನೀರುಂಡು ಉಬ್ಬಿದರೆ ರಂಧ್ರ ತೆರೆದು ಗಾಳಿ ಒಳಬರುತ್ತದೆ, ನೀರಾವಿ ಹೊರಹೋಗುತ್ತದೆ. ನೀರು ಸಾಲದಾದಾಗ ಸೊರಗಿ ರಂಧ್ರವನ್ನು ಮುಚ್ಚುತ್ತವೆ. ಅದನ್ನು ತರಗತಿಯಲ್ಲಿ ವರ್ಷಗಟ್ಟಲೆ ಕಲಿಸಿದವಳು ನಾನು. ಚಿತ್ರದಲ್ಲಿ ಕಾವಲು ಕೋಶ ಮರೆತ ಮಕ್ಕಳ ಅಂಕ ಕಳೆದವಳೂ ನಾನೇ. ತಟ್ಟೆಯ ಎಲೆ ಉಸಿರಾಡಬೇಕಿಲ್ಲ, ಬಳ್ಳಿಯ ಎಲೆ ಉಸಿರಾಡಲೇಬೇಕು ಎಂಬುದು ಮಾತ್ರ ಎಲೆಗಳು ಹಳದಿಯಾಗಿ ಉದುರತೊಡಗಿದ ಮೇಲೆ ಹೊಳೆಯಿತು.

ಮರಳಿ ಬಂದ ಕಾಕು ಬೋಳು ಬಳ್ಳಿಯನ್ನು ಮುಟ್ಟಿ ನೋಡಿದರು. ಆಮೇಲೆ ನನ್ನನ್ನೇ ಸಮಾಧಾನಪಡಿಸಿದರು: “ಈ ಸಲ ಬಿಸಲು ಭಾಳ ಆತು ನೋಡ್ರಿ. ಪಾಪ, ನೀವರ ಏನ್ ಮಾಡ್ತೀರಿ.”

ಹೂಂಗುಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ಬಿಸಲಲ್ರಿ ಕಾಕು. ನಾನೇ ಎಲಿಗೆ ಎಣ್ಣಿ ಹಚ್ಚೀನಿ.”

“ಎಲಿಗೆ ಎಣ್ಣಿ? ಮತ್ತ ಸೀಗೀಕಾಯಿ ಹಾಕಿ ತಲಿ ಎರೀಲಿಲ್ಲೇನ್ರಿ ಅದಕ್ಕ?”

ನಕ್ಕರು. ನಗು ಬೇಗನೆ ನಿಂತಿತು. ಕುಂಡದ ಬಳಿ ಕುಳಿತು ಗೆಣ್ಣುಗಳನ್ನು ಒತ್ತಿ ನೋಡುತ್ತ ಹೋದರು. “ಇದೊಂದು ಹಸರ ಅದ,” ಎಂದು ಅಷ್ಟನ್ನು ಕತ್ತರಿಸಿ ಅದೇ ಮಣ್ಣಿಗೆ ಊರಿದರು. ನಾನು ಕುಂಡವನ್ನು ಎತ್ತಲು ಬಾಗಿದಾಗ, “ಇರ್ಲಿ ಬಿಡ್ರಿ, ನಾ ಒಯ್ತೀನಿ,” ಎಂದರು.

ಬಳ್ಳಿ ಚಿಗುರಿತು. ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆಂದು ಮತ್ತೆ ಧಾರವಾಡಕ್ಕೆ ಹೊರಟ ಕಾಕು, ಮನೆಯ ಕೀಲಿಯನ್ನು ಎಂದಿನಂತೆ ನನಗೇ ಕೊಟ್ಟರು. ಕುಂಡವನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಕುಳಿತರು.