ಜ್ಯಾಕ್ ಇಳಿಸದೆ ಬಿಗಿದ ಬುಷ್

ಬರೆಯುವುದು ನನ್ನ ಕೆಲಸವಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಾಯಲ್ಲಿ ಹೇಳಿದರೆ ಮಗ ಸುಧಾಕರ ಕೇಳುವುದಿಲ್ಲ, ಮೊಬೈಲಿನಲ್ಲಿ ಬಂದರೆ ಓದುತ್ತಾನೆ ಎಂದು ಸೊಸೆ ಹಟ ಹಿಡಿದಳು. ಅದಕ್ಕೆ ಈ ಕರ್ಮ.

ಇವತ್ತು ಅವನು ಅಂಗಳದಲ್ಲಿ ನಮ್ಮ ಹಳೆಯ ಲಾರಿಯ ಮುಂದಿನ ಸ್ಪ್ರಿಂಗ್ ಪ್ಲೇಟಿನ ತುದಿಯ ತೂತಿನಲ್ಲಿ ಕೂರುವ ಬುಷ್‌ಗಳನ್ನು, ಅಂದರೆ ಸವೆದ ರಬ್ಬರ್ ಬಳೆಗಳನ್ನು, ಸುಟ್ಟು ತೆಗೆಯುತ್ತಿದ್ದ. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ, ಬೆಳ್ಳೂರಿನ ನಮ್ಮ ಹಳೆಯ ಮನೆ ಕಣ್ಣೆದುರು ಬಂತು. ಕೆಂಪು ಕಲ್ಲು ಸಾಗಿಸುತ್ತಿದ್ದ ಅಪ್ಪ, ತನ್ನ ಲಾರಿಯ ಬುಷ್ ಸುಡಲು ಅಮ್ಮನ ಒಲೆಯಿಂದಲೇ ಕೆಂಡ ಎತ್ತುತ್ತಿದ್ದರು.

"ನಿಮ್ಮ ರಬ್ಬರಿನ ನಾತ ಗಂಜಿಗೂ ಹಿಡಿದುಂಟು!" ಎಂದು ಅಮ್ಮ ಕಿರುಚುತ್ತಿದ್ದರು.

"ಆ ಗಂಜಿ ಬರುವುದು ಈ ಲಾರಿಯಿಂದಲೇ ಮಾರಾಯ್ತಿ" ಎನ್ನುತ್ತಿದ್ದರು ಅಪ್ಪ.

ಹೊಸ ಬುಷ್ ಕೂರಿಸಿದ ಕೂಡಲೇ ಅಪ್ಪ ಬೋಲ್ಟ್ ಬಿಗಿಯುತ್ತಿರಲಿಲ್ಲ. ಜ್ಯಾಕ್ ಇಳಿಸಿ, ಮಕ್ಕಳನ್ನೆಲ್ಲ ಕ್ಯಾಬಿನ್ನಿಗೆ ತುಂಬಿಸಿ, ಕೊನೆಗೆ ಅಮ್ಮನನ್ನೂ ಕರೆಯುತ್ತಿದ್ದರು.

"ನಾನೆಂತ ಕಲ್ಲಾ?" ಎಂದು ಬೈಯುತ್ತಲೇ ಅಮ್ಮ ಹತ್ತುತ್ತಿದ್ದರು. ಭಾರ ಕೂತ ಮೇಲೆಯೇ ಅಪ್ಪ ಸ್ಪಾನರ್ ಹಿಡಿಯುತ್ತಿದ್ದದ್ದು. ಗಾಲಿ ನೇತಾಡುವಾಗ ಬಿಗಿದರೆ, ಇಳಿಸಿದಾಗ ರಬ್ಬರ್ ತಿರುಚಿ ಹರಿಯುತ್ತದೆ.

ಕಳೆದ ಸಲ ಸುಧಾಕರ ಲಾರಿ ಜ್ಯಾಕಿನ ಮೇಲಿರುವಾಗಲೇ ಬಿಗಿದ. ಮಳೆಗಾಲ ಮುಗಿಯುವ ಮೊದಲೇ ಬುಷ್ ಹರಿಯಿತು. ಇವತ್ತೂ ಹಾಗೆಯೇ ಬಿಗಿಯಲು ಹೊರಟ. ತಡೆದರೆ, "ಇನ್ನೊಮ್ಮೆ ಬುಷ್ ಹೋದರೆ ಲಾರಿ ಗುಜರಿಗೆ ಅಪ್ಪಾ" ಎನ್ನುತ್ತಾನೆ. ತಪ್ಪು ಇವನದು, ಶಿಕ್ಷೆ ಲಾರಿಗೆ! ಸ್ಪಾನರ್ ಕಿತ್ತುಕೊಂಡು ಬಂದು ದಿಂಬಿನಡಿ ಇಟ್ಟಿದ್ದೇನೆ.

ಸುಧಾಕರಾ, ಹದಿನೈದನೇ ತಾರೀಕಿಗೆ ಲಾರಿ ಬಾಡಿಗೆಗೆ ಹೊರಡಬೇಕು, ಅದರೊಳಗೆ ಹೇಳು. ಜ್ಯಾಕ್ ಇಳಿಸಿ ಬಿಗಿಯುತ್ತೀಯೋ, ಇಲ್ಲವೋ?